ಸಂಕಲ್ಪನಿಷ್ಠ ಫ. ಗು. ಹಳಕಟ್ಟಿಯವರು

ನಮ್ಮ ಚಿತ್ತಾಪುರ ತಾಲೂಕಿನ ಸನ್ನತಿಯಲ್ಲಿ ಚಂದ್ರಲಾಂಬಾ ದೇವಾಲಯದ ಆವರಣದೊಳಗಿನ ಕಾಳಿಕಾ ಗುಡಿಯ ಮಾಡು ೧೯೮೦ರ ದಶಕದಲ್ಲಿ ಕುಸಿದು ಬಿದ್ದಾಗ, ದೇವಿಯ ಮೂರ್ತಿಯನ್ನು ನಿಲ್ಲಿಸಿದ್ದ ಪೀಠದ ಕಲ್ಲು ಅಶೋಕ ಚಕ್ರವರ್ತಿಯ ಧರ್ಮಶಾಸನವೆಂಬ ಸಂಗತಿ ಬೆಳಕಿಗೆ ಬಂದಿತು. ಎಷ್ಟೋ ತಲೆಮಾರುಗಳಿಂದ ಆ ಕಲ್ಲಿಗೆ ಎಣ್ಣೆ, ಕುಂಕುಮ, ಹೂವು, ನೈವೇದ್ಯ ಸಲ್ಲುತ್ತಿದ್ದುವು. ಅದರ ಮೈಮೇಲಿನ ಅಕ್ಷರವನ್ನು ಓದಿದವರು ಮಾತ್ರ ಯಾರೂ ಇರಲಿಲ್ಲ. ಪೂಜಿಸುವುದೂ ಓದುವುದೂ ಬೇರೆ ಬೇರೆ ಎಂಬ ಮಾತು ಬಂದಾಗಲೆಲ್ಲ ನನಗೆ ಈ ಪ್ರಸಂಗ ನೆನಪಿಗೆ ಬರುತ್ತದೆ. ನಮ್ಮ ಶಿವಶರಣರ ವಚನಗಳಿಗೂ ಒಂದು ಕಾಲದಲ್ಲಿ ಇದೇ ಗತಿ ಒದಗಿತ್ತು. ಮನೆಮನೆಯ ಜಗುಲಿಯಲ್ಲಿ ಕೆಂಪು ವಸ್ತ್ರದಲ್ಲಿ ಸುತ್ತಿದ ಓಲೆಗರಿಯ ಕಟ್ಟುಗಳಿಗೆ ವಿಭೂತಿ ಪತ್ರಿ ಏರುತ್ತಿತ್ತು. ಕಟ್ಟನ್ನು ಬಿಚ್ಚುವ ಕೈ ಇರಲಿಲ್ಲ.

ಪ್ರಸ್ತುತ ವಾರ್ಷಿಕ ಸಂಪುಟಕ್ಕೆ ವಿದ್ಯಾರ್ಥಿಗಳ ಮನಸ್ಸಿನಲ್ಲಿ ಗುರಿಯ ಪ್ರಜ್ಞೆಯನ್ನು ಮೂಡಿಸುವಂತಹ ಒಂದು ಜೀವನಚರಿತ್ರೆಯನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಲಿಯವರು ಅಪ್ಪಣೆ ಮಾಡಿದರು. ಗುರಿ ಏನೆಂದು ತರಗತಿಯಲ್ಲಿ ಕೇಳಿದರೆ ನಮ್ಮ ಮಕ್ಕಳು ಡಾಕ್ಟರು, ಇಂಜಿನಿಯರು, ತಹಶೀಲದಾರರು ಎಂದು ತಡವರಿಸದೆ ಹೇಳುತ್ತಾರೆ. ತಪ್ಪೇನೂ ಇಲ್ಲ, ಅವು ಒಂದೊಂದು ಕುರ್ಚಿಯ ಹೆಸರು. ಕುರ್ಚಿಯೂ ಇಲ್ಲದ, ಸಂಬಳವೂ ಇಲ್ಲದ, ಯಾರೂ ತಮಗೆ ವಹಿಸದಿದ್ದ ಒಂದು ಕಾರ್ಯವನ್ನು ತಾವೇ ಗೊತ್ತುಮಾಡಿಕೊಂಡು, ಅರುವತ್ತು ವರುಷ ಅದನ್ನೇ ಬೆನ್ನುಹತ್ತಿದ ಒಬ್ಬ ವಕೀಲರ ಕಥೆಯನ್ನು ನಾನು ಆರಿಸಿಕೊಂಡಿದ್ದೇನೆ.

ಫಕೀರಪ್ಪ ಗುರುಬಸಪ್ಪ ಹಳಕಟ್ಟಿಯವರು ಹುಟ್ಟಿದ್ದು ೧೮೮೦ನೆಯ ಇಸವಿ ಜುಲೈ ೨ರಂದು, ಧಾರವಾಡದಲ್ಲಿ. ತಂದೆ ಗುರುಬಸಪ್ಪನವರು ವೃತ್ತಿಯಿಂದ ಶಿಕ್ಷಕರು, ಪ್ರವೃತ್ತಿಯಿಂದ ಲೇಖಕರು. ಮರಾಠಿಯ ಪ್ರಾಬಲ್ಯವಿದ್ದ ಅಂದಿನ ಮುಂಬಯಿ ಪ್ರಾಂತದಲ್ಲಿ ಕನ್ನಡದಲ್ಲಿ ಚರಿತ್ರೆಯ ಪುಸ್ತಕಗಳನ್ನು ಬರೆದವರು. ತಾಯಿ ದಾನಮ್ಮನವರು ಮಗುವಿಗೆ ಮೂರು ವರುಷ ತುಂಬುವ ಹೊತ್ತಿಗೆ ತೀರಿಕೊಂಡುದರಿಂದ ಅಜ್ಜಿಯ ಮಡಿಲಲ್ಲಿ ಬೆಳೆದರು. ಧಾರವಾಡದಲ್ಲಿ ಮೆಟ್ರಿಕ್ ಮುಗಿಸಿ, ಮುಂಬಯಿಯ ಸೇಂಟ್ ಝೇವಿಯರ್ ಕಾಲೇಜು ಸೇರಿ ವಿಜ್ಞಾನದಲ್ಲಿ ಪದವಿ ಪಡೆದರು. ೧೯೦೪ರಲ್ಲಿ ಕಾನೂನು ಪದವೀಧರರಾದರು. ಗುಜರಾತಿಗಳೂ ಮಹಾರಾಷ್ಟ್ರೀಯರೂ ತಮ್ಮ ತಮ್ಮ ನುಡಿಗಾಗಿ ಸಂಘ ಕಟ್ಟುವುದನ್ನು, ಪತ್ರಿಕೆ ನಡೆಸುವುದನ್ನು ಮುಂಬಯಿಯಲ್ಲಿ ಕಣ್ಣಾರೆ ಕಂಡ ಆ ತರುಣನಿಗೆ, ಕನ್ನಡಕ್ಕೆ ಇದನ್ನೆಲ್ಲ ಮಾಡುವವರು ಯಾರೆಂಬ ಪ್ರಶ್ನೆ ಎದ್ದುದು ಸಹಜವೇ ಸರಿ. ಪ್ರಶ್ನೆ ಹಲವರಿಗೆ ಏಳುತ್ತದೆ. ಹಳಕಟ್ಟಿಯವರು ಆ ಪ್ರಶ್ನೆಯನ್ನು ಊರಿಗೆ ಬರುವಾಗ ಜೊತೆಯಲ್ಲಿ ತಂದರು.

ಬೆಳಗಾವಿಯಲ್ಲಿ ಕೆಲಕಾಲ ವಕೀಲಿ ನಡೆಸಿ ಅವರು ಬಿಜಾಪುರಕ್ಕೆ ಬಂದು ನೆಲೆಸಿದರು. ಅಂದಿನ ಬಿಜಾಪುರ ಬರಗಾಲದ ಸೀಮೆ. ವಿದ್ಯೆಗೂ ಬರ, ನೀರಿಗೂ ಬರ. ಕಕ್ಷಿದಾರರಿಗೆ ಕೊರತೆ ಇರಲಿಲ್ಲ. ಕೆಲವೇ ವರುಷಗಳಲ್ಲಿ ಹೆಸರು ಬಂದಿತು, ಸ್ವಂತ ಮನೆಯಾಯಿತು. ಹೀಗೆಯೇ ನಡೆದುಹೋಗಿದ್ದರೆ ಅವರೂ ಒಬ್ಬ ಸಿರಿವಂತ ವಕೀಲರಾಗಿ ಬಾಳಿ, ಇಂದು ಯಾರ ನೆನಪಿಗೂ ಬಾರದವರಾಗುತ್ತಿದ್ದರು.

ಆ ವರುಷಗಳಲ್ಲಿಯೇ ಒಮ್ಮೆ ರಬಕವಿ ಬನಹಟ್ಟಿಯ ಕಡೆಗೆ ಹೋಗಿದ್ದಾಗ ಮಂಚಾಲೆ ಎಂಬ ಮನೆತನದವರಲ್ಲಿ ಅವರು ಕೆಲವು ತಾಳೆಯೋಲೆಯ ಗ್ರಂಥಗಳನ್ನು ನೋಡಿದರು. ಒಂದು ಷಟ್‌ಸ್ಥಲತಿಲಕ, ಇನ್ನೊಂದು ಪ್ರಭುದೇವರ ವಚನಗಳು. ವಿಜ್ಞಾನವನ್ನೂ ಕಾನೂನನ್ನೂ ಓದಿಬಂದ, ಇಂಗ್ಲಿಷಿನ ಗದ್ಯವೇ ಗದ್ಯವೆಂದು ಕೇಳಿ ಬೆಳೆದ ಆ ಯುವಕರಿಗೆ, ಏಳುನೂರು ವರುಷಗಳ ಹಿಂದಿನ ಕನ್ನಡ ಗದ್ಯ ಇಷ್ಟು ನೇರವಾಗಿ, ಇಷ್ಟು ಧೈರ್ಯವಾಗಿ ಮಾತನಾಡಬಲ್ಲುದೆಂಬುದು ಬೆರಗಿನ ಸಂಗತಿಯಾಯಿತು. ಅವರ ಸಂಕಲ್ಪ ರೂಪುಗೊಂಡದ್ದು ಅಲ್ಲಿ. ಸಂಕಲ್ಪವೆಂದರೆ ನಮ್ಮ ಪೂಜಾವಿಧಿಯಲ್ಲಿ ದೇಶ ಕಾಲಗಳನ್ನು ಹೆಸರಿಸಿ, ಮಾಡಲಿರುವ ಕರ್ಮವನ್ನು ಸ್ಪಷ್ಟವಾಗಿ ನುಡಿಯುವುದಷ್ಟೆ? ಹಳಕಟ್ಟಿಯವರ ಸಂಕಲ್ಪವೂ ಅಷ್ಟೇ ಸ್ಪಷ್ಟವಾಗಿತ್ತು. ದೊರೆಯುವ ವಚನಗಳನ್ನೆಲ್ಲ ಸಂಗ್ರಹಿಸಬೇಕು, ಪ್ರತಿಮಾಡಬೇಕು, ಅಚ್ಚುಹಾಕಿಸಬೇಕು, ಸಾಮಾನ್ಯ ಕನ್ನಡಿಗನ ಕೈಗೆ ಮುಟ್ಟಿಸಬೇಕು. ಧರ್ಮೋದ್ಧಾರ, ಸಾಹಿತ್ಯೋದ್ಧಾರವೆಂಬ ಅಳತೆಗೆ ಸಿಗದ ಮಾತುಗಳಿಗಿಂತ, ಮಾಡಿದೆನೋ ಇಲ್ಲವೋ ಎಂದು ರಾತ್ರಿ ಮಲಗುವ ಮುನ್ನ ತನ್ನನ್ನು ತಾನೇ ಕೇಳಿಕೊಳ್ಳಬಹುದಾದ ಕೆಲಸವನ್ನು ಅವರು ಆರಿಸಿಕೊಂಡರು.

ಓಲೆಗರಿಗಳ ಕಷ್ಟವನ್ನು ಸ್ವಲ್ಪ ವಿಸ್ತರಿಸಿಯೇ ಹೇಳಬೇಕು. ಅಚ್ಚಿನ ಪುಸ್ತಕಗಳ ನಡುವೆ ಬೆಳೆದವರಿಗೆ ಅದರ ಅರಿವಿರುವುದಿಲ್ಲ. ಗರಿಯ ಮೇಲೆ ಲೇಖಕನು ಕಬ್ಬಿಣದ ಕಂಠದಿಂದ ಗೀರಿ ಬರೆಯುತ್ತಾನೆ. ಮಸಿ ಸವರದಿದ್ದರೆ ಅಕ್ಷರ ಕಾಣಿಸದು. ಪದಪದಗಳ ನಡುವೆ ತೆರಪಿಲ್ಲ, ವಾಕ್ಯ ಮುಗಿದ ಗುರುತಿಲ್ಲ. ಎಕಾರ ಒಕಾರಗಳ ಹ್ರಸ್ವವಾವುದು ದೀರ್ಘವಾವುದೆಂಬುದನ್ನು ಬಹುಮಟ್ಟಿಗೆ ಅರ್ಥದಿಂದಲೇ ಊಹಿಸಬೇಕು. ಒಬ್ಬ ಲಿಪಿಕಾರನು ಕಣ್ತಪ್ಪಿನಿಂದ ಬಿಟ್ಟುದನ್ನು ಅವನ ಪ್ರತಿಯನ್ನು ನೋಡಿ ಬರೆದವರೆಲ್ಲ ಬಿಡುತ್ತಾರೆ. ಅಂಕಿತ ತಪ್ಪಿದರೆ ಒಬ್ಬ ಶರಣನ ವಚನ ಇನ್ನೊಬ್ಬನ ಹೆಸರಿಗೆ ಸೇರುತ್ತದೆ. ಇವೆಲ್ಲ ಓದುವಾಗಿನ ಕಷ್ಟಗಳು. ಅದಕ್ಕೆ ಮೊದಲು ಗರಿಗಳು ಕೈಗೆ ಬರಬೇಕಲ್ಲ! ಮನೆಯವರು ಕೊಡಲು ಒಪ್ಪರು. ಹಿರಿಯರು ಪೂಜಿಸಿದ ವಸ್ತು, ಹೊರಗೆ ಹೋದರೆ ಮನೆಗೆ ಕೇಡೆಂಬ ಅಂಜಿಕೆ. ಕೊಡಲು ಒಪ್ಪಿದ ಕಡೆ ಗೆದ್ದಲು ಮೊದಲೇ ಬಂದು ಓದಿ ಮುಗಿಸಿರುತ್ತಿತ್ತು. ಹಿರಿಯರು ಲಿಂಗೈಕ್ಯರಾದ ಮೇಲೆ ಓದುವವರಿಲ್ಲವೆಂದು ಕಟ್ಟುಗಳನ್ನು ಹೊಳೆಗೆ ಬಿಟ್ಟವರೂ ಇದ್ದರು.

ಹಳಕಟ್ಟಿಯವರು ಹಳ್ಳಿಹಳ್ಳಿಗೆ ಹೋದರು, ಮಠಮಠದ ಬಾಗಿಲು ಬಡಿದರು. ಸೈಕಲ್ಲಿನ ಮೇಲೆ ಓಡಾಡುವ ವಕೀಲರೆಂದು ಅವರನ್ನು ಕಂಡವರು ಹೇಳುತ್ತಿದ್ದರು. ವಕೀಲಿಯ ವೃತ್ತಿ ಈ ಕಾರ್ಯಕ್ಕೆ ಅಡ್ಡಿಯಾಗುವ ಬದಲು ನೆರವೇ ಆಯಿತೆಂದು ನನ್ನ ಎಣಿಕೆ. ಕಕ್ಷಿದಾರರಾಗಿ ಬರುವ ಹಳ್ಳಿಯ ಗೌಡರು, ಶೆಟ್ಟರು, ಶಾನುಭೋಗರ ಮೂಲಕ ಯಾವ ಊರಿನ ಯಾವ ಮನೆಯಲ್ಲಿ ಕಟ್ಟುಗಳಿವೆಯೆಂಬ ಸುಳಿವು ಸಿಗುವುದು ಸುಲಭ. ಸಾಕ್ಷಿಗಳ ಹೇಳಿಕೆಯನ್ನು ಒಂದಕ್ಕೊಂದು ತಾಳೆನೋಡುವ ಅಭ್ಯಾಸ, ಕಾಗದಪತ್ರಗಳನ್ನು ವಿಷಯವಾರು ವಿಂಗಡಿಸಿ ಇಡುವ ಶಿಸ್ತು, ಇವೆರಡೂ ನ್ಯಾಯಾಲಯದಲ್ಲಿ ಕಲಿತುವೇ. ಅವರ ಕಾರ್ಯಕ್ಕೆ ಮುನ್ನ ಹೆಸರು ತಿಳಿದಿದ್ದ ವಚನಕಾರರು ಸುಮಾರು ಐವತ್ತು ಮಂದಿ ಎನ್ನುತ್ತಾರೆ. ಅವರ ಶೋಧದಿಂದ ಆ ಸಂಖ್ಯೆ ಇನ್ನೂರೈವತ್ತರ ಸಮೀಪಕ್ಕೆ ಏರಿತು. ವಚನಗಳು ಅವರಿಗಿಂತ ಮೊದಲು ಅಚ್ಚಾಗಿಯೇ ಇರಲಿಲ್ಲವೆಂದು ಕೆಲವರು ಭಾಷಣಗಳಲ್ಲಿ ಹೇಳುವುದುಂಟು. ಅದು ಸರಿಯಲ್ಲ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿಯೇ ಬಿಡಿಬಿಡಿಯಾಗಿ ಕೆಲವು ಅಚ್ಚಾಗಿದ್ದುವು. ಒಂದು ಸಮಗ್ರ ಸಾಹಿತ್ಯರಾಶಿಯಾಗಿ ಅವನ್ನು ಕಂಡವರು, ಕಾಣಿಸಿದವರು ಹಳಕಟ್ಟಿಯವರು.

ಸಂಗ್ರಹಿಸಿದುದನ್ನು ವಿಷಯಾನುಕ್ರಮದಲ್ಲಿ ಜೋಡಿಸಿ ವಚನಶಾಸ್ತ್ರಸಾರವೆಂಬ ಗ್ರಂಥವನ್ನು ಅವರು ಸಿದ್ಧಪಡಿಸಿದರು. ಅಚ್ಚಿಗೆಂದು ಮಂಗಳೂರಿನ ಬಾಸೆಲ್ ಮಿಶನ್ ಮುದ್ರಣಾಲಯಕ್ಕೆ ಹಸ್ತಪ್ರತಿಯನ್ನೂ ಮುಂಗಡ ಹಣವನ್ನೂ ಕಳುಹಿಸಿದರೆಂದೂ, ಇಂತಹ ತತ್ತ್ವಗಳು ಈ ದೇಶದಲ್ಲಿಯೇ ಇವೆಯೆಂದು ಜನಕ್ಕೆ ತಿಳಿದರೆ ತಮ್ಮ ಮತಪ್ರಚಾರಕ್ಕೆ ತೊಡಕಾದೀತೆಂದು ಬಗೆದು ಅವರು ಎರಡನ್ನೂ ಹಿಂದಿರುಗಿಸಿದರೆಂದೂ ಹಳಕಟ್ಟಿಯವರ ಚರಿತ್ರಕಾರರು ಬರೆಯುತ್ತಾರೆ. ಇದನ್ನು ಹೇಳುವಾಗ ಮಿಶನ್ನಿನವರನ್ನು ಬರಿದೆ ನಿಂದಿಸುವುದು ನ್ಯಾಯವಲ್ಲ. ಬಸವಪುರಾಣವನ್ನೂ ಚೆನ್ನಬಸವಪುರಾಣವನ್ನೂ ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿಯೇ ಕಲ್ಲಚ್ಚಿನಲ್ಲಿ ಹೊರತಂದವರು ಅವರೇ. ೧೮೯೪ರಲ್ಲಿ ಕಿಟ್ಟೆಲರ ನಿಘಂಟನ್ನು ಅಚ್ಚುಹಾಕಿ ನಮ್ಮಂತಹ ಪಂಡಿತವರ್ಗವನ್ನು ಎಂದೆಂದಿಗೂ ಋಣಿಯಾಗಿಸಿದವರೂ ಅವರೇ. ಏನೇ ಇರಲಿ, ಹಸ್ತಪ್ರತಿ ಹಿಂದಿರುಗಿ ಬಂದಿತು. ಹಳಕಟ್ಟಿಯವರು ಬೆಳಗಾವಿಯ ಚೌಗುಲೆಯವರ ಮಹಾವೀರ ಮುದ್ರಣಾಲಯವನ್ನು ಹಿಡಿದರು. ೧೯೨೩ರಲ್ಲಿ ವಚನಶಾಸ್ತ್ರಸಾರದ ಪ್ರಥಮ ಭಾಗ ಹೊರಬಂದಿತು. ರಬಕವಿಯಲ್ಲಿ ಗರಿ ಕಂಡ ದಿನದಿಂದ ಲೆಕ್ಕ ಹಾಕಿದರೆ ಸುಮಾರು ಇಪ್ಪತ್ತು ವರುಷ! ಸಂಕಲ್ಪಕ್ಕೂ ಮೊದಲ ಫಲಕ್ಕೂ ನಡುವೆ ಇಷ್ಟು ಅಂತರವನ್ನು ತಾಳಿಕೊಳ್ಳುವ ಚೇತನಗಳು ವಿರಳ.

ಒಂದು ಪುಸ್ತಕ ಬಂದಿತೆಂದು ಸುಮ್ಮನಾಗುವ ಜಾಯಮಾನ ಅವರದಲ್ಲ. ಊರೂರಿನ ಮುದ್ರಣಾಲಯಗಳ ದಾಕ್ಷಿಣ್ಯದಲ್ಲಿ ಈ ಕಾರ್ಯ ಸಾಗದೆಂದು ಕಂಡುಕೊಂಡು, ೧೯೨೫ರಲ್ಲಿ ಬಿಜಾಪುರದಲ್ಲಿ ಹಿತಚಿಂತಕವೆಂಬ ಮುದ್ರಣಾಲಯವನ್ನು ತಾವೇ ಸ್ಥಾಪಿಸಿದರು. ಅದಕ್ಕಾಗಿ ತಮ್ಮ ಸ್ವಂತ ಮನೆಯನ್ನು ಮಾರಿದರು. ವಕೀಲಿಯಲ್ಲಿ ಗಳಿಸಿ ಕಟ್ಟಿದ ಮನೆಯನ್ನು ಮಾರಿ, ಆ ಹಣದಿಂದ ಅಚ್ಚಿನ ಮೊಳೆಗಳನ್ನೂ ಯಂತ್ರವನ್ನೂ ಕೊಂಡು, ಹೆಂಡತಿ ಮಕ್ಕಳೊಡನೆ ಬಾಡಿಗೆಯ ಮನೆಗೆ ಹೋದರು. ಈ ಸಂಗತಿಯನ್ನು ನಾವು ಸಭೆಗಳಲ್ಲಿ ಚಪ್ಪಾಳೆಯ ನಡುವೆ ಹೇಳಿ ಮುಗಿಸುತ್ತೇವೆ. ಮನೆಯ ಒಳಗಿನ ನೋಟದಿಂದ ಇದನ್ನು ನೋಡಿದವರು ಕಡಮೆ. ಧರ್ಮಪತ್ನಿ ಭಾಗೀರಥಿಯವರು ಬಾಡಿಗೆಯ ಮನೆಯಲ್ಲಿ ಸಂಸಾರವನ್ನು ತೂಗಿಸಿದವರು. ವಕೀಲರ ಮಡದಿಯಾಗಿ ಬಂದವರು ಮುದ್ರಣಾಲಯದ ಸಾಲಗಾರರ ಮಡದಿಯಾಗಿ ಬಾಳಬೇಕಾಯಿತು. ಒಬ್ಬನ ಗುರಿಗೆ ಮನೆಮಂದಿಯೆಲ್ಲ ತೆರುವ ತೆರಿಗೆಯನ್ನು ಕುರಿತು ಚರಿತ್ರಕಾರರು ಹೆಚ್ಚು ಬರೆಯುವುದಿಲ್ಲ. ಮನೆ ಮಾರಿದ್ದು ಸರಿಯೇ ಎಂದು ನನ್ನನ್ನು ಕೇಳಿದರೆ ಥಟ್ಟನೆ ಹೌದೆನ್ನಲು ನಾಲಗೆ ಏಳದು. ಆ ಮನೆ ಮಾರದಿದ್ದರೆ ನಾನು ಪಾಠ ಹೇಳುವ ವಚನಗಳಲ್ಲಿ ಎಷ್ಟು ಉಳಿಯುತ್ತಿದ್ದುವೆಂದು ಎಣಿಸಿದಾಗ, ಅಲ್ಲವೆನ್ನಲೂ ಆಗದು.

ಮರುವರುಷ, ೧೯೨೬ರಲ್ಲಿ, ಶಿವಾನುಭವವೆಂಬ ಪತ್ರಿಕೆ ಆರಂಭವಾಯಿತು. ಮೊದಲು ತ್ರೈಮಾಸಿಕ, ಮುಂದೆ ಮಾಸಿಕ. ೧೯೨೭ರಲ್ಲಿ ನವಕರ್ನಾಟಕವೆಂಬ ವಾರಪತ್ರಿಕೆಯೂ ಹೊರಟಿತು. ಶಿವಾನುಭವ ಮೂರು ದಶಕಗಳಿಗೂ ಮಿಕ್ಕಿ ನಡೆಯಿತು. ಚಂದಾದಾರರು ಕೆಲವರು, ಚಂದಾ ಸಕಾಲದಲ್ಲಿ ಕೊಡುವವರು ಅವರಲ್ಲಿಯೂ ಕೆಲವರು. ಲೇಖಕರು ಅವರೇ, ಸಂಪಾದಕರು ಅವರೇ, ಕರಡಚ್ಚು ತಿದ್ದುವವರು ಅವರೇ. ಮೊಳೆಗಳನ್ನು ಒಂದೊಂದಾಗಿ ಕೈಯಿಂದ ಜೋಡಿಸುತ್ತಿದ್ದ ಕಾಲ ಅದು. ಒತ್ತಕ್ಷರ ತಪ್ಪಿದರೆ ಸಾಲನ್ನೇ ಕಳಚಿ ಮತ್ತೆ ಜೋಡಿಸಬೇಕು. ನ್ಯಾಯಾಲಯದಿಂದ ಬಂದು ಕೋಟನ್ನು ಗೂಟಕ್ಕೆ ತಗುಲಿಸಿ ಕರಡಿನ ಮುಂದೆ ಕುಳಿತರೆ ಹೊತ್ತು ಹೋದುದೇ ತಿಳಿಯದು. ಆ ಕೋಟಿಗೆ ತೇಪೆಗಳಿದ್ದುವೆಂಬುದನ್ನು ಅವರನ್ನು ನೋಡಿದವರೆಲ್ಲ ಹೇಳುತ್ತಾರೆ. ಸರಕಾರ ಕೊಟ್ಟ ರಾವಸಾಹೇಬ, ರಾವಬಹಾದ್ದೂರ ಬಿರುದುಗಳನ್ನು ಹೊತ್ತ ಕೋಟು ಅದೇ!

ಈ ಪತ್ರಿಕೆಯ ಪುಟಗಳಲ್ಲಿಯೂ ಮುದ್ರಣಾಲಯದ ಪ್ರಕಟಣೆಗಳಲ್ಲಿಯೂ ಎಷ್ಟೋ ಶರಣರ ವಚನಗಳು, ಹರಿಹರನ ರಗಳೆಗಳು, ಪುರಾಣಗಳು ಬೆಳಕು ಕಂಡುವು. ೧೯೩೦ರಲ್ಲಿ ಶೂನ್ಯಸಂಪಾದನೆ ಬಂದಿತು. ವಚನಶಾಸ್ತ್ರಸಾರದ ಮುಂದಿನ ಭಾಗಗಳೂ ಬಂದುವು. ನಮ್ಮ ಹಳೆಯ ಕಲಬುರಗಿ ಜಿಲ್ಲೆಯ ಸೀಮೆಗೆ ಸೇರಿದ ಮುದನೂರಿನ ಜೇಡರ ದಾಸಿಮಯ್ಯನಾಗಲಿ, ಕೆಂಭಾವಿಯ ಭೋಗಣ್ಣನಾಗಲಿ ಓದುಗರ ಬಾಯಿಗೆ ಮರಳಿ ಬಂದುದರಲ್ಲಿ ಬಿಜಾಪುರದ ಆ ಪುಟ್ಟ ಮುದ್ರಣಾಲಯದ ಪಾಲು ದೊಡ್ಡದು.

ನಮ್ಮ ಭಾಗದ ಅಂದಿನ ಸ್ಥಿತಿಯನ್ನು ಇಲ್ಲಿ ನೆನೆಯದೆ ಮುಂದೆ ಹೋಗಲಾರೆ. ಬಿಜಾಪುರ ಬ್ರಿಟಿಷರ ಮುಂಬಯಿ ಪ್ರಾಂತದಲ್ಲಿ. ಸೇಡಂ, ಚಿತ್ತಾಪುರ, ಚಿಂಚೋಳಿ ನಿಜಾಮರ ರಾಜ್ಯದಲ್ಲಿ. ಶಹಾಬಾದಿನಲ್ಲಿಯೋ ವಾಡಿಯಲ್ಲಿಯೋ ಗಾಡಿ ಹತ್ತಿ, ಹೋಟಗಿಯಲ್ಲಿ ಇಳಿದು, ಗದಗಿನ ಕಡೆಗೆ ಹೋಗುವ ಸಣ್ಣ ಗಾಡಿಯನ್ನು ಹಿಡಿದರೆ ಬಿಜಾಪುರ, ದೂರವೇನಲ್ಲ. ಆದರೆ ಆಡಳಿತದ ನುಡಿ ಇಲ್ಲಿ ಉರ್ದು. ೧೯೧೮ರಲ್ಲಿ ಸ್ಥಾಪಿತವಾದ ಉಸ್ಮಾನಿಯಾ ವಿಶ್ವವಿದ್ಯಾಲಯದ ಬೋಧನಾಭಾಷೆಯೂ ಉರ್ದುವೇ. ಕಲಬುರಗಿಯಲ್ಲಿ ೧೯೦೭ರಲ್ಲಿ ಹುಟ್ಟಿದ ನೂತನ ವಿದ್ಯಾಲಯದಂತಹ ಒಂದೆರಡು ಸಂಸ್ಥೆಗಳನ್ನೂ ಮಠಗಳನ್ನೂ ಬಿಟ್ಟರೆ ಕನ್ನಡ ಅಕ್ಷರಕ್ಕೆ ಆಸರೆ ಕಡಮೆ. ನೃಪತುಂಗನ ಆಸ್ಥಾನದಲ್ಲಿ ಕವಿರಾಜಮಾರ್ಗ ಮೈದಾಳಿದ ಮಳಖೇಡ ನಮ್ಮ ಸೇಡಂ ತಾಲೂಕಿನಲ್ಲಿಯೇ ಇದೆ. ಅಂತಹ ನೆಲದಲ್ಲಿ ಮನೆಯಲ್ಲಿ ಕನ್ನಡವಾಡಿ ಶಾಲೆಯಲ್ಲಿ ಬೇರೆ ಲಿಪಿಯನ್ನು ತಿದ್ದಿದ ಪೀಳಿಗೆಯವರು ನಮ್ಮ ಅಜ್ಜಂದಿರು. ನಮ್ಮ ಕಡೆ ಓಲೆಗರಿಗಳು ಹೆಚ್ಚು ಕಾಲ ಕಟ್ಟಿನಲ್ಲಿಯೇ ಉಳಿದುದಕ್ಕೆ ಇದೂ ಒಂದು ಕಾರಣ.

ವಚನಕಾರ್ಯವೊಂದೇ ಹಳಕಟ್ಟಿಯವರ ಕಾರ್ಯವಾಗಿರಲಿಲ್ಲ. ೧೯೧೦ರಲ್ಲಿ ಬಿಜಾಪುರ ಲಿಂಗಾಯತ ಜಿಲ್ಲಾ ವಿದ್ಯಾವರ್ಧಕ ಸಂಘವನ್ನು ಕಟ್ಟಿದವರಲ್ಲಿ ಅವರು ಪ್ರಮುಖರು. ಬಂಥನಾಳದ ಪೂಜ್ಯ ಸಂಗನಬಸವ ಶಿವಯೋಗಿಗಳು ಮುಂದೆ ಅದಕ್ಕೆ ಹೊಸ ಚೈತನ್ಯವನ್ನಿತ್ತರು. ೧೯೧೨ರಲ್ಲಿ ಸಿದ್ಧೇಶ್ವರ ಸಹಕಾರಿ ಬ್ಯಾಂಕು ಬಂದಿತು. ಮುಂಬಯಿ ಶಾಸನಸಭೆಯ ಸದಸ್ಯತ್ವ, ಕರ್ನಾಟಕ ಏಕೀಕರಣದ ಓಡಾಟ, ೧೯೨೬ರಲ್ಲಿ ಬಳ್ಳಾರಿಯಲ್ಲಿ ನಡೆದ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷತೆ, ಇವೆಲ್ಲವೂ ನಡೆದುವು. ಇವುಗಳಲ್ಲಿ ಯಾವುದಾದರೊಂದನ್ನೇ ಹಿಡಿದಿದ್ದರೂ ಸುಖವಾಗಿ ಮೇಲೇರಬಹುದಿತ್ತು. ಅಧಿಕಾರದ ಹಾದಿಯಲ್ಲಿ ಅವರು ಬಹುದೂರ ಹೋಗಲಿಲ್ಲ. ಪ್ರತಿಬಾರಿಯೂ ಕರಡಚ್ಚಿನ ಮೇಜಿಗೆ ಹಿಂದಿರುಗಿದರು.

ಪಂಡಿತನಾದ ಕಾರಣ ಒಂದು ಮಾತನ್ನು ಮುಚ್ಚಿಡಲಾರೆ. ಗ್ರಂಥಸಂಪಾದನ ಶಾಸ್ತ್ರದ ಕಟ್ಟುನಿಟ್ಟಿನಿಂದ ನೋಡಿದರೆ ಹಳಕಟ್ಟಿಯವರ ಆವೃತ್ತಿಗಳಲ್ಲಿ ಕೊರತೆಗಳಿವೆ. ಯಾವ ಪಾಠ ಯಾವ ಪ್ರತಿಯದೆಂದು ಎಲ್ಲೆಡೆಯೂ ಸೂಚಿಸಿಲ್ಲ. ಪಾಠಾಂತರಗಳನ್ನು ಅಡಿಯಲ್ಲಿ ಕೊಟ್ಟಿಲ್ಲ. ವಿಷಯಕ್ಕೆ ತಕ್ಕಂತೆ ಜೋಡಿಸುವಾಗ ವಚನದ ಮೂಲಸಂದರ್ಭ ಮರೆಯಾಗಿದೆ. ನಾನು ವಿದ್ವತ್ ಪರೀಕ್ಷೆಗೆ ಓದುತ್ತಿದ್ದಾಗ ನಮ್ಮ ಗುರುಗಳು ಇವನ್ನೆಲ್ಲ ಬೆರಳಿಟ್ಟು ತೋರಿಸುತ್ತಿದ್ದರು. ತೋರಿಸಿದ ಮೇಲೆ ಆ ಪುಸ್ತಕವನ್ನು ಕಣ್ಣಿಗೊತ್ತಿಕೊಂಡು ಕೆಳಗಿಡುತ್ತಿದ್ದರು. ಎರಡರಲ್ಲಿ ಒಂದನ್ನೇ ಕಲಿತವನು ಅರ್ಧ ಕಲಿತಂತೆ ಎಂಬುದು ಅವರ ಇಂಗಿತವಾಗಿತ್ತೆಂದು ಈಗ ತೋರುತ್ತದೆ. ಹಳಕಟ್ಟಿಯವರ ಮುಂದಿದ್ದ ಪ್ರಶ್ನೆ ಶುದ್ಧಪಾಠದ್ದಲ್ಲ, ಉಳಿವಿನದು. ಒಂದು ಪ್ರತಿಯ ಪಾಠವನ್ನು ಹತ್ತು ಪ್ರತಿಗಳೊಡನೆ ತಾಳೆನೋಡುತ್ತ ಕುಳಿತಿದ್ದರೆ ಉಳಿದ ಒಂಬತ್ತು ಊರುಗಳ ಕಟ್ಟುಗಳು ಅಷ್ಟರಲ್ಲಿ ಗೆದ್ದಲಿಗೆ ಆಹಾರವಾಗುತ್ತಿದ್ದುವು. ಮೊದಲು ಉಳಿಸಿದರು, ತಿದ್ದುವ ಕೆಲಸವನ್ನು ಶಿ. ಶಿ. ಬಸವನಾಳರಂತಹ ಮುಂದಿನವರಿಗೆ ಬಿಟ್ಟರು. ಯಾವುದನ್ನು ತಾನು ಮಾಡಬೇಕು, ಯಾವುದನ್ನು ಮುಂದಿನವರಿಗೆ ಬಿಡಬೇಕೆಂಬ ವಿವೇಕ ಗುರಿಯುಳ್ಳವರೆಲ್ಲರಿಗೂ ಇರುವುದಿಲ್ಲ.

ಆಚಾರ್ಯ ಬಿ. ಎಂ. ಶ್ರೀಕಂಠಯ್ಯನವರು ಬಿಜಾಪುರಕ್ಕೆ ಬಂದಾಗ, ಊರಿನವರು ಗೋಳಗುಮ್ಮಟ ತೋರಿಸಲು ಹೊರಟರಂತೆ. ತಾವು ಮೊದಲು ನೋಡಬೇಕಾದ ಗುಮ್ಮಟ ಹಳಕಟ್ಟಿಯವರೆಂದು ಶ್ರೀಯವರು ತಿಳಿಸಿದರಂತೆ. ಈ ಪ್ರಸಂಗ ಕನ್ನಡಿಗರ ಬಾಯಲ್ಲಿ ಬಹುಕಾಲದಿಂದ ಓಡಾಡುತ್ತಿದೆ. ೧೯೫೬ರಲ್ಲಿ ಕರ್ನಾಟಕ ವಿಶ್ವವಿದ್ಯಾಲಯ ಗೌರವ ಡಾಕ್ಟರೇಟ್ ಪದವಿಯನ್ನಿತ್ತಿತು. ಅದೇ ವರುಷ ನವೆಂಬರ್ ೧ರಂದು ಬಿಜಾಪುರವೂ ಕಲಬುರಗಿಯೂ ಒಂದೇ ರಾಜ್ಯಕ್ಕೆ ಸೇರಿದುವು. ಆಗ ಅವರಿಗೆ ಎಪ್ಪತ್ತಾರು ವರುಷ. ಸನ್ಮಾನಗಳು ಬಂದುವು, ಸಾಲದ ಹೊರೆ ಅವುಗಳಿಂದ ಇಳಿಯಲಿಲ್ಲ. ೧೯೬೪ರ ಜೂನ್ ೨೯ರಂದು, ಎಂಬತ್ತನಾಲ್ಕು ತುಂಬಲು ಮೂರು ದಿನಗಳಿರುವಾಗ, ಅವರು ಲಿಂಗೈಕ್ಯರಾದರು.

ಕರ್ನಾಟಕ ಸರಕಾರ ೧೯೯೩ರಲ್ಲಿ ಸಮಗ್ರ ವಚನಸಂಪುಟಗಳನ್ನು ಹದಿನೈದು ಭಾಗಗಳಲ್ಲಿ ಹೊರತಂದಿತು, ಡಾ. ಎಂ. ಎಂ. ಕಲಬುರ್ಗಿಯವರು ಆ ಯೋಜನೆಯ ಪ್ರಧಾನ ಸಂಪಾದಕರು. ನಮ್ಮ ಗ್ರಂಥಾಲಯದಲ್ಲಿ ಆ ಹದಿನೈದೂ ಇವೆ, ಗಾಜಿನ ಬೀರುವಿನಲ್ಲಿ.

ಕೆಲವು ವರುಷಗಳ ಹಿಂದೆ ಚಿಂಚೋಳಿ ತಾಲೂಕಿನ ಒಂದು ಹಳ್ಳಿಗೆ ಪುರಾಣಪ್ರವಚನಕ್ಕೆಂದು ಹೋಗಿದ್ದೆ. ಇಳಿದುಕೊಂಡ ಮನೆಯ ಜಗುಲಿಯ ಮೇಲೆ, ವಿಭೂತಿಗಟ್ಟಿಯ ಪಕ್ಕದಲ್ಲಿ, ಕೆಂಪು ವಸ್ತ್ರದ ಒಂದು ಕಟ್ಟು ಕಾಣಿಸಿತು. ಒಮ್ಮೆ ಬಿಚ್ಚಿ ನೋಡಬಹುದೇ ಎಂದು ಕೇಳಿದೆ. ಮನೆಯ ಯಜಮಾನರು ಬಹು ವಿನಯದಿಂದ ಕೈಮುಗಿದು, ಅಜ್ಜನ ಕಾಲದಿಂದಲೂ ಅದನ್ನು ಬಿಚ್ಚಿಲ್ಲವೆಂದರು. ನಾನು ಇನ್ನೊಮ್ಮೆ ಕೇಳಲಿಲ್ಲ. ಹಳಕಟ್ಟಿಯವರಾಗಿದ್ದರೆ ಮರುದಿನ ಮತ್ತೆ ಬರುತ್ತಿದ್ದರು, ಅದರ ಮರುದಿನವೂ ಬರುತ್ತಿದ್ದರು. ಆ ಮನೆಯ ಮೊಮ್ಮಗ ಈಗ ನಮ್ಮ ಶಾಲೆಯ ಎಂಟನೆಯ ತರಗತಿಯಲ್ಲಿದ್ದಾನೆ. ಬರುವ ಶ್ರಾವಣದಲ್ಲಿ ಅವನ ಜೊತೆಗೂಡಿ ಆ ಹಳ್ಳಿಗೆ ಇನ್ನೊಮ್ಮೆ ಹೋಗುವವನಿದ್ದೇನೆ.